ಶ್ರೀಲಂಕಾ ಬಾವುಟ: ಕೋಲಿನ ಕಡೆ ಯಾವ ಬಣ್ಣ?

ಪ್ರಶ್ನೆ: ಜಯನಗರದ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ 3 ಅಡಿ ಎತ್ತರದ ಶ್ರೀಲಂಕಾ ಬಾವುಟ ಹೊಲಿಸಬೇಕು. ಉದ್ದ ಎಷ್ಟು? ಕೋಲಿನ ಕಡೆ ಹಸಿರೋ ಕೇಸರಿಯೋ? ಕೆಳಗೆ 'ಸಿಲೋನ್' ಅಂತ ಬರೆದರೆ ನಡೆಯುತ್ತಾ?

ಉತ್ತರ 1: ಅನುಪಾತ 1:2, ಅಂದರೆ ಉದ್ದ 6 ಅಡಿ. ಕೋಲಿಗೆ ಹತ್ತಿರ ಹಸಿರು, ಆಮೇಲೆ ಕೇಸರಿ. ಸಿಂಹದ ಮುಖವೂ ಕೋಲಿನ ಕಡೆಗೇ. ಟೈಲರ್‌ಗೆ ಇದನ್ನ ಒತ್ತಿ ಹೇಳಿ; ಕೋಲು ತೂರಿಸುವ ಮಡಿಕೆಯನ್ನು ಸಿಂಹದ ಬೆನ್ನಿನ ಕಡೆ ಹೊಲಿದರೆ ಇಡೀ ಬಾವುಟ ತಿರುಗುಮುರುಗು.

ಉತ್ತರ 2: ಕಡುಗೆಂಪು ಭಾಗದ ನಾಲ್ಕು ಮೂಲೆಗೆ ಅರಳಿ ಎಲೆ ಮರೀಬೇಡಿ. ಬೌದ್ಧರು ಹೇಳುವ ನಾಲ್ಕು ಗುಣಗಳಾದ ಮೈತ್ರಿ, ಕರುಣೆ, ಮುದಿತೆ (ಬೇರೆಯವರ ಸುಖಕ್ಕೆ ಸಂತೋಷಪಡುವುದು), ಉಪೇಕ್ಷೆಯ (ಇಲ್ಲಿ ಕಡೆಗಣಿಸುವುದಲ್ಲ, ಸಮಚಿತ್ತ) ಗುರುತು ಅವು. ಬಂದದ್ದು 1972ರಲ್ಲಿ, ಹಾಗಾಗಿ ಹಳೇ ಚಿತ್ರ ನೋಡಿ ಹೊಲಿಸಿದರೆ ಕೆಟ್ಟಿತು.

ಉತ್ತರ 3: 'ಸಿಲೋನ್' ಬೇಡ. ಅದೇ 1972ರ ಮೇ 22ಕ್ಕೆ ದೇಶದ ಹೆಸರು ಶ್ರೀಲಂಕಾ ಆಯ್ತು. ಹಳೇ ಹೆಸರು ಈಗ ಚಹಾ ಪೊಟ್ಟಣದ ಮೇಲೆ ಗಟ್ಟಿಯಾಗಿ ಕೂತಿದೆ, ಅಷ್ಟೆ.