ದತ್ತಾಂಶವನ್ನು ಗಡಿಯೊಳಗೆ ಇಟ್ಟುಕೊಂಡರೆ ನ್ಯಾಯ ಸಿಕ್ಕಂತಾಯಿತೇ?

ಪ್ರಶ್ನೆ:
2019ರ ಒಸಾಕಾ ಜಿ-20 ಶೃಂಗಸಭೆಯ ವೇಳೆ, ದತ್ತಾಂಶವು ದೇಶದಿಂದ ದೇಶಕ್ಕೆ ಮುಕ್ತವಾಗಿ ಹರಿಯಬೇಕೆಂಬ ಘೋಷಣೆಗೆ ಭಾರತ, ಇಂಡೋನೇಷ್ಯಾ ಮತ್ತು ದಕ್ಷಿಣ ಆಫ್ರಿಕಾ ಸಹಿ ಹಾಕಲಿಲ್ಲ. ಅಭಿವೃದ್ಧಿಶೀಲ ದೇಶಗಳ ಜನರಿಂದ ಪಡೆದ ಮಾಹಿತಿಯಿಂದಲೇ ರೂಪುಗೊಂಡ ಸೇವೆಗಳನ್ನು ಅವರೇ ದುಡ್ಡು ಕೊಟ್ಟು ಕೊಳ್ಳಬೇಕಾಗಿದೆ ಎಂಬ ದೂರು ನನಗೆ ಒಪ್ಪಿಗೆಯೇ. ಆದರೆ ಸರ್ವರ್‌ಗಳು ದೇಶದೊಳಗೇ ಇರಬೇಕೆಂದು ಕಾನೂನು ಮಾಡಿದ ಮಾತ್ರಕ್ಕೆ ಲಾಭದಲ್ಲಿ ಪಾಲು ಸಿಗುತ್ತದೆಯೇ?

ಉತ್ತರ 1:
ಸಿಗುವುದಿಲ್ಲ. ಸರ್ವರ್ ಎಲ್ಲಿದೆ ಎನ್ನುವುದಕ್ಕಿಂತ, ದತ್ತಾಂಶ ಯಾವ ಷರತ್ತಿನ ಮೇಲೆ ಕೈ ಬದಲಾಯಿಸಿತು ಎನ್ನುವುದೇ ಮುಖ್ಯ. ಹಕ್ಕಿಜ್ವರದ ಪ್ರಕರಣವನ್ನೇ ನೋಡಿ. ತಾನು ಕಳಿಸಿದ ವೈರಾಣುವಿನಿಂದ ಹೊರದೇಶದ ಕಂಪನಿ ಲಸಿಕೆ ತಯಾರಿಸುತ್ತದೆ, ಅದನ್ನು ಕೊಳ್ಳುವ ಶಕ್ತಿ ಮಾತ್ರ ತನ್ನ ಜನರಿಗಿರುವುದಿಲ್ಲ ಎಂದು ಆಕ್ಷೇಪಿಸಿದ ಇಂಡೋನೇಷ್ಯಾ, 2007ರಲ್ಲಿ ಎಚ್5ಎನ್1 ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡುವುದನ್ನೇ ನಿಲ್ಲಿಸಿತು. ಅದರ ಫಲವಾಗಿ 2011ರಲ್ಲಿ ಒಂದು ಚೌಕಟ್ಟು ಬಂತು. ಮಾದರಿ ಪಡೆಯುವ ಲಸಿಕೆ ತಯಾರಕರು, ಪ್ರತಿಯಾಗಿ ಏನು ಕೊಡುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಆದರೆ ಆ ಸಹಿ ಶೀಶೆಯಲ್ಲಿ ಬರುವ ವೈರಾಣುವಿಗೆ ಮಾತ್ರ. ಅದೇ ವೈರಾಣುವಿನ ವಂಶವಾಹಿ ಅನುಕ್ರಮವನ್ನು, ಎಂದರೆ ಅಕ್ಷರಗಳಲ್ಲಿ ಬರೆದಿಟ್ಟ ಅದರ ತಳಿಸಂಕೇತವನ್ನು, ಕಂಪ್ಯೂಟರಿಗೆ ಇಳಿಸಿಕೊಂಡವರಿಗೆ ಆ ಕಟ್ಟುಪಾಡು ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿಯೇ.

ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳ ಇಂಥದೇ ವಂಶವಾಹಿ ಮಾಹಿತಿಗೆ ಸಂಬಂಧಿಸಿ 2025ರಲ್ಲಿ ಆರಂಭವಾದ ಕ್ಯಾಲಿ ನಿಧಿ ಈ ಗಂಟನ್ನು ಬಿಡಿಸಲು ಹೊರಟಿದೆ: ಇಂಥ ಮಾಹಿತಿಯಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ಆದಾಯದ ಶೇ. 0.1ರಷ್ಟನ್ನು ಕೊಡಬೇಕೆಂಬ ಸೂಚನೆ ಅದರಲ್ಲಿದೆ. ಸೂಚನೆಯೇ ಹೊರತು ಕಡ್ಡಾಯವಲ್ಲ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಇಂಡೋನೇಷ್ಯಾದ ಕೈಯಲ್ಲಿ ಜಗತ್ತಿಗೆ ತುರ್ತಾಗಿ ಬೇಕಾದ ವಸ್ತುವಿತ್ತು ಎಂಬುದನ್ನು ಮರೆಯಬಾರದು. ಸಣ್ಣ ದೇಶವೊಂದು ತನ್ನ ಕೆಲವೇ ಲಕ್ಷ ಬಳಕೆದಾರರ ಮಾಹಿತಿಯನ್ನು ತಡೆಹಿಡಿದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಐರೋಪ್ಯ ಒಕ್ಕೂಟಕ್ಕಾದರೋ ಮಾರುಕಟ್ಟೆಯ ಬಲವಿದೆ. ಹೊರದೇಶವೊಂದರ ಖಾಸಗಿತನದ ರಕ್ಷಣೆ ಸಮರ್ಪಕವೇ ಎಂದು ಅದರ ಆಯೋಗವೇ ತೀರ್ಮಾನಿಸುತ್ತದೆ, ಉಳಿದವರು ಪರೀಕ್ಷೆಗೆ ಕುಳಿತವರಂತೆ ತಮ್ಮ ಕಾನೂನನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಒಟ್ಟುಗೂಡಿ ಮಾತನಾಡುವುದೇ ದಾರಿ ಎನ್ನೋಣವೆಂದರೆ ಅದೂ ಸುಲಭವಲ್ಲ: ಆಫ್ರಿಕಾ ಒಕ್ಕೂಟವು ಸೈಬರ್ ಭದ್ರತೆ ಮತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2014ರಲ್ಲಿ ಅಂಗೀಕರಿಸಿದ ಮಲಾಬೊ ಒಡಂಬಡಿಕೆಗೆ 15 ದೇಶಗಳ ಅನುಮೋದನೆ ಸಾಕಿತ್ತು, ಅದು ಜಾರಿಗೆ ಬಂದದ್ದು 2023ರ ಜೂನ್‌ನಲ್ಲಿ. ಇನ್ನೊಂದು ಮಾತು, ಸ್ವಲ್ಪ ಕಹಿಯೇ: ದತ್ತಾಂಶ ಗಡಿಯೊಳಗೆ ಉಳಿದಾಗ ಅದರ ಮೇಲೆ ಹಿಡಿತ ಸಿಗುವುದು ಬಹಳ ಸಲ ಪ್ರಜೆಗಲ್ಲ, ಸರ್ಕಾರಕ್ಕೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಎಲ್ಲ ದೇಶಗಳೂ ಕೂತು ಮಾತನಾಡುವ ವೇದಿಕೆ ಯಾವುದು?

ಉತ್ತರ 1:
2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆಯಾದ ವಿಶ್ವಸಂಸ್ಥೆಯ ಜಾಗತಿಕ ಡಿಜಿಟಲ್ ಒಪ್ಪಂದವು ದತ್ತಾಂಶ ಆಡಳಿತಕ್ಕೆಂದೇ ಕಾರ್ಯಗುಂಪೊಂದನ್ನು ರಚಿಸಲು ಹೇಳಿತು. ಮಹಾಸಭೆಯ 81ನೇ ಅಧಿವೇಶನದೊಳಗೆ ಅದು ವರದಿ ಕೊಡಬೇಕು. ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ. ವರದಿ ಬಂದಾಗ ನಾನು ಮೊದಲು ಹುಡುಕುವುದು ಖಾಸಗಿತನದ ಅಧ್ಯಾಯವನ್ನಲ್ಲ, ಲಾಭ ಹಂಚಿಕೆಯ ವಾಕ್ಯದಲ್ಲಿ "ಕೊಡತಕ್ಕದ್ದು" ಎಂದಿದೆಯೋ "ಕೊಡಬಹುದು" ಎಂದಿದೆಯೋ ಎಂಬುದನ್ನು.