ಚಿಕ್ಕಮ್ಮಾ, ಶನಿವಾರ 441ರ ದಾರಿ ಹಿಡಿಯಿರಿ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ನಿಧಾನಕ್ಕೆ ಓದಿಕೊಳ್ಳಿ. ಶನಿವಾರ ಅಟ್ಲಾಂಟಾದಿಂದ ಕಾರಿನಲ್ಲಿ ಹೊರಟು ರಾತ್ರಿ ಮನೆ ಸೇರುವ ಹಾಗೆ ಯಾವ ಹಳೇ ಊರು ನೋಡಬಹುದು, ಬಿಳಿ ಕಂಬದ ದೊಡ್ಡ ಮನೆಗಳಿರಬೇಕು, ಚಿಕ್ಕಪ್ಪನ ಮೊಣಕಾಲಿಗೆ ಜಾಸ್ತಿ ಕಷ್ಟ ಆಗಬಾರದು ಅಂತ ಕೇಳಿದ್ದೀರಿ ಅಲ್ವಾ. ಗ್ರೂಪಿನಲ್ಲಿ ಯಾರೋ ಸವಾನಾ ಅಂದಿದ್ದಾರೆ, ಒಂದೇ ದಿನಕ್ಕೆ ಅದು ಬೇಡವೇ ಬೇಡ, ಹೋಗುವುದಕ್ಕೇ ನಾಲ್ಕು ಗಂಟೆ ಹತ್ತಿರ. ನೀವು ಮ್ಯಾಡಿಸನ್, ಈಟನ್‌ಟನ್, ಮಿಲೆಡ್ಜ್‌ವಿಲ್ ನೋಡಿ. ಮೂರೂ 441ನೇ ನಂಬರ್ ರಸ್ತೆಯಲ್ಲಿ ಸಾಲಾಗಿ ಸಿಗುತ್ತವೆ. ಒಂದರಿಂದ ಇನ್ನೊಂದಕ್ಕೆ ಅರ್ಧ ಗಂಟೆ.

ಬೆಳಿಗ್ಗೆ ಎಂಟಕ್ಕೆ ಹೊರಟರೆ ಒಂಬತ್ತಕ್ಕೆಲ್ಲ ಮ್ಯಾಡಿಸನ್. ನೀವು ಕೇಳಿದ ಮನೆಗಳೆಲ್ಲ ಇರುವುದು ಇಲ್ಲೇ. ಕಾರು ನಿಲ್ಲಿಸಿ ಎರಡು ಬೀದಿ ಸುತ್ತಿದರೆ ಸಾಕು. ನಮ್ಮ ಕಡೆ ಜಗಲಿ ಇದ್ದ ಹಾಗೆ ಪ್ರತಿ ಮನೆಗೂ ಅಗಲವಾದ ವರಾಂಡ, ಅದರಲ್ಲಿ ತೂಗುಕುರ್ಚಿ, ಅಂಗಳದಲ್ಲಿ ದೊಡ್ಡ ಮ್ಯಾಗ್ನೋಲಿಯಾ ಮರ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯ ತಂದ ಜನರಲ್ ಶೆರ್ಮನ್, ಊರು ಚೆಂದ ಇದೆ ಅಂತ ಸುಡದೆ ಬಿಟ್ಟ ಅನ್ನುವ ಕಥೆ ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಹಾಗೇ ನಂಬಬೇಡಿ. 1864ರ ನವೆಂಬರಿನಲ್ಲಿ ಈ ಊರಿಗೆ ಬಂದದ್ದು ಅವನ ಸೈನ್ಯದ ಒಂದು ಭಾಗ, ಸ್ಲೋಕಮ್ ಅನ್ನುವ ಇನ್ನೊಬ್ಬ ಜನರಲ್‌ನದು. ಊರಿನ ಜೋಶುವಾ ಹಿಲ್ ಅನ್ನುವವರು ದೇಶ ಒಡೆಯುವುದನ್ನೇ ವಿರೋಧಿಸಿದ್ದವರು, ಅವರು ಹೋಗಿ ಮಾತಾಡಿದರು. ರೈಲ್ವೆ ಸ್ಟೇಷನ್ ಸುಟ್ಟರು, ಮನೆಗಳು ಉಳಿದವು.

ಇನ್ನೊಂದು ಮಾತು, ಇದು ನನಗೆ ಮುಖ್ಯ ಚಿಕ್ಕಮ್ಮಾ. ಆ ಮನೆಗಳ ಸಿರಿಯೆಲ್ಲ ಹತ್ತಿಯದು, ಹತ್ತಿ ಬಿಡಿಸಿದ್ದು ಗುಲಾಮರಾಗಿ ಇಟ್ಟುಕೊಂಡಿದ್ದ ಕಪ್ಪು ಜನ. ಮೊದಲ ಸಲ ಹೋದಾಗ ನಾನು ಕಂಬಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದುಬಿಟ್ಟಿದ್ದೆ. ಎರಡನೇ ಸಲ ಅಲ್ಲೇ ಇರುವ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂಗೆ ಹೋದೆ, ಒಂದು ಪುಟ್ಟ ಹಳೇ ಮನೆ ಅದು. ಅದನ್ನು ನೋಡಿದ ಮೇಲೆ ಅದೇ ಬೀದಿ ಬೇರೆ ಥರ ಕಂಡಿತು. ದಯವಿಟ್ಟು ಅದನ್ನು ಬಿಡಬೇಡಿ.

ಅಲ್ಲಿಂದ ಈಟನ್‌ಟನ್ ಕಡೆಗೆ ಹೋಗುವಾಗ ನಡುವೆ ರಾಕ್ ಈಗಲ್ ಸಿಗುತ್ತದೆ. ಬಿಳಿ ಬೆಣಚುಕಲ್ಲುಗಳನ್ನು ನೆಲದ ಮೇಲೆ ಗುಡ್ಡೆ ಹಾಕಿ ಮಾಡಿದ ದೊಡ್ಡ ಹಕ್ಕಿ, ರೆಕ್ಕೆಯ ತುದಿಯಿಂದ ತುದಿಗೆ 120 ಅಡಿ. ಇಲ್ಲಿನ ಮೂಲನಿವಾಸಿಗಳು ಸಾವಿರ ವರ್ಷಕ್ಕೂ ಹಿಂದೆ ಮಾಡಿದ್ದು. ಕೆಳಗೆ ನಿಂತು ನೋಡಿದರೆ ಬರೀ ಕಲ್ಲುರಾಶಿ. ಪಕ್ಕದ ಕಲ್ಲಿನ ಗೋಪುರ ಹತ್ತಿ ಮೇಲಿಂದ ಇಣುಕಿದಾಗ ತಲೆ, ರೆಕ್ಕೆ, ಬಾಲ ಎಲ್ಲ ಒಮ್ಮೆಗೇ ಕಾಣುತ್ತದೆ. ಚಿಕ್ಕಪ್ಪ ಮೆಟ್ಟಿಲು ಹತ್ತುವುದು ಬೇಡ, ನೀವು ಹತ್ತಿ ಫೋಟೋ ತೆಗೆದು ತೋರಿಸಿ.

ಈಟನ್‌ಟನ್ ಸಣ್ಣ ಊರು. ಕೋರ್ಟಿನ ಅಂಗಳದಲ್ಲಿ ಕೋಟು ಹಾಕಿಕೊಂಡ ಒಂದು ಮೊಲದ ಪ್ರತಿಮೆ ಇದೆ, ನೋಡಿದರೆ ನಿಮಗೆ ನಮ್ಮ ಅಜ್ಜಿ ನೆನಪಾಗುತ್ತಾರೆ. ಸಿಂಹಕ್ಕೆ ಬಾವಿಯಲ್ಲಿ ನೆರಳು ತೋರಿಸಿ ಬೀಳಿಸಿದ ಮೊಲದ ಕಥೆ ಹೇಳುತ್ತಿದ್ದರಲ್ಲ, ಆ ಜಾತಿಯದೇ ಇದು, ಮೈಯಲ್ಲಿ ಬಲ ಇಲ್ಲ, ತಲೆಯಲ್ಲಿ ಇದೆ. ಇಂಥ ಮೊಲದ ಕಥೆಗಳನ್ನು ಗುಲಾಮರು ತಮ್ಮ ತಮ್ಮಲ್ಲಿ ಹೇಳಿಕೊಳ್ಳುತ್ತಿದ್ದರು. ಜೋಯಲ್ ಚಾಂಡ್ಲರ್ ಹ್ಯಾರಿಸ್ ಅನ್ನುವ ಬಿಳಿಯ ಹುಡುಗ ಒಂದು ತೋಟದ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ. ಆಗ ಕೇಳಿಸಿಕೊಂಡದ್ದನ್ನು ಮುಂದೆ ಬರೆದು ಹೆಸರು ಮಾಡಿದ. ಅವನ ನೆನಪಿನ ಮ್ಯೂಸಿಯಂ ಕಟ್ಟಿರುವುದು ಗುಲಾಮರ ಗುಡಿಸಲುಗಳ ದಿಮ್ಮಿಗಳನ್ನೇ ತಂದು ಜೋಡಿಸಿ. ಒಳಗೆ ಹೋದಾಗ ಆ ಗೋಡೆಯ ಮರವನ್ನೇ ಸ್ವಲ್ಪ ಹೊತ್ತು ನೋಡಿ, ಅದರ ಹಿಂದೆ ಎಷ್ಟು ಜನ ಮಲಗಿ ಎದ್ದಿರಬಹುದು. ಕಥೆ ಅವರದು, ಹೆಸರು ಬಂದದ್ದು ಬೇರೆಯವರಿಗೆ, ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಲೇಖಕಿ ಅಲಿಸ್ ವಾಕರ್ ಹುಟ್ಟಿದ್ದೂ ಇದೇ ಊರಿನ ಹತ್ತಿರ, 1944ರಲ್ಲಿ, ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದವರ ಮನೆಯಲ್ಲಿ. 1983ರಲ್ಲಿ ಅವರ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು, ಕಪ್ಪು ಹೆಂಗಸರಲ್ಲಿ ಕಾದಂಬರಿಗೆ ಅದನ್ನು ಪಡೆದವರು ಅವರೇ ಮೊದಲು.

ಊಟದ ವಿಷಯ ಮರೆತೇಬಿಡುತ್ತಿದ್ದೆ. ಒಂದು ಹೋಟೆಲಿನಲ್ಲಿ ಬರೀ ಬೀನ್ಸ್ ಅಲ್ವಾ ಅಂತ ಹಾಕಿಸಿಕೊಂಡೆ, ಎರಡು ತುತ್ತು ತಿಂದ ಮೇಲೆ ಚಮಚಕ್ಕೆ ಹಂದಿ ಮಾಂಸದ ಚೂರು ಬಂತು. ಇಲ್ಲಿ ಸೊಪ್ಪು, ಕಾಳು ಎಲ್ಲವನ್ನೂ ಮಾಂಸ ಹಾಕಿ ಬೇಯಿಸುವ ರೂಢಿ ಇದೆ, ಕೇಳದೆ ಏನೂ ತಗೋಬೇಡಿ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ. ದಾರಿಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಅಂತ ಬೋರ್ಡ್ ಕಂಡರೆ ಮಾತ್ರ ನಿಲ್ಲಿಸಲೇಬೇಕು. ದೊಡ್ಡ ಪಾತ್ರೆಯಿಂದ ಬಿಸಿಬಿಸಿಯಾಗಿ ಲೋಟಕ್ಕೆ ಹಾಕಿ ಕೊಡುತ್ತಾರೆ, ಸಿಪ್ಪೆ ಒತ್ತಿದರೆ ಉಪ್ಪುನೀರು ಚಿಮ್ಮುತ್ತದೆ, ಕಾಳು ಮೆತ್ತಗೆ. ಮಾಂಸ ಹಾಕಿ ಬೇಯಿಸಿದ್ದಲ್ಲ ತಾನೇ ಅಂತ ಅಲ್ಲೂ ಒಂದು ಮಾತು ಕೇಳಿ. ಬಸವನಗುಡಿ ಪರಿಷೆ ನೆನಪಾಗಿ ನನಗೆ ಗಂಟಲು ಕಟ್ಟಿತ್ತು.

ಮಿಲೆಡ್ಜ್‌ವಿಲ್‌ಗೆ ಎರಡು ಗಂಟೆ ಇಟ್ಟುಕೊಳ್ಳಿ. 1868ರವರೆಗೆ ಜಾರ್ಜಿಯಾದ ರಾಜಧಾನಿ ಅದು, ಅಟ್ಲಾಂಟಾ ಆಮೇಲೆ. ದೇಶದಿಂದ ಬೇರೆ ಆಗೋಣ ಅಂತ 1861ರ ಜನವರಿಯಲ್ಲಿ ಮತ ಹಾಕಿದ ಕಟ್ಟಡ ಇನ್ನೂ ಇದೆ. ಪಕ್ಕದ ಚರ್ಚಿನ ಪೈಪ್ ಆರ್ಗನ್ ಒಳಗೆ ಶೆರ್ಮನ್‌ನ ಸೈನಿಕರು ಜೋನಿಬೆಲ್ಲದಂಥ ಪಾಕ ಸುರಿದು ಹಾಳು ಮಾಡಿದರು ಅಂತ ಊರಿನವರು ಹೇಳುತ್ತಾರೆ. ಶೆರ್ಮನ್ ಉಳಿದುಕೊಂಡದ್ದು 1839ರ ಗವರ್ನರ್ ಬಂಗಲೆಯಲ್ಲಿ. ಒಳಗೆ 50 ಅಡಿ ಎತ್ತರದ ಗುಮ್ಮಟ, ಚಿನ್ನದ ಬಣ್ಣ. ನೆಲಮಹಡಿಗೂ ಇಳಿದು ನೋಡಿ, ಗುಲಾಮರು ಕೆಲಸ ಮಾಡಿದ ಜಾಗ ಅದು. ನಾಲ್ಕು ಗಂಟೆಯ ಹೊತ್ತಿಗೆ ಇಂಥವೆಲ್ಲ ಬಾಗಿಲು ಹಾಕಿಬಿಡುತ್ತವೆ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಅಲ್ಲಿಂದ ಮನೆಗೆ ಎರಡು ಗಂಟೆ ಹತ್ತಿರ.

ಶುಕ್ರವಾರ ಸಂಜೆ ನಮ್ಮ ಮನೆಯವರು ನಿಮ್ಮ ಕಡೆ ಬರುತ್ತಾರೆ. ಪುಳಿಯೋಗರೆ ಗೊಜ್ಜು ಕೊಟ್ಟು ಕಳಿಸುತ್ತೇನೆ, ಅನ್ನ ಮಾತ್ರ ಬೆಳಿಗ್ಗೆ ಮಾಡಿಕೊಳ್ಳಿ.