ಮಸೂರಕ್ಕೆ ಲಘು ಪೋಷಕಾಂಶ ಕೊಟ್ಟವರು ಅನುಭವ ಹೇಳಿ

ಹೊಸ ಸಾಲು: ಮಸೂರ ಇನ್ನೇನು ಹೂ ಬಿಡುವ ಹೊತ್ತು. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣು. ಜಿಂಕ್, ಬೋರಾನ್, ಮಾಲಿಬ್ಡಿನಮ್, ಯಾವುದು ಕೊಟ್ಟರೆ ಇಳುವರಿ ಬರುತ್ತದೆ?

ಕರಿಮಣ್ಣು: ಜಿಂಕ್ ಬಿಟ್ಟು ಬೇರೆ ಮಾತೇ ಬೇಡ. ನಮ್ಮ ಗಿಡ ಗೇಣುದ್ದಕ್ಕೇ ನಿಂತುಬಿಟ್ಟಿತ್ತು. ಬಿತ್ತುವಾಗ ಜಿಂಕ್ ಸಲ್ಫೇಟನ್ನು ರಂಜಕದ ಗೊಬ್ಬರ ಡಿಎಪಿ ಜೊತೆ ಕಲಸಿ ಹಾಕಿ ಅಂತ ಪುಣ್ಯಾತ್ಮರೊಬ್ಬರು ಹೇಳಿದ್ದರು. ರಂಜಕ ಜಿಂಕನ್ನು ಹಿಡಿದು ಕೂತರೆ ಬೇರಿಗೇನು ಸಿಗುತ್ತದೆ? ಎಕರೆಗೆ 10 ಕಿಲೋ ಮಣ್ಣುಪಾಲು. ಆಮೇಲೆ 100 ಲೀಟರ್ ನೀರಿಗೆ ಅರ್ಧ ಕಿಲೋ ಜಿಂಕ್ ಸಲ್ಫೇಟ್, ಕಾಲು ಕಿಲೋ ಸುಣ್ಣ ಬೆರೆಸಿ ಹೊಡೆಸಿದೆ. ಗಸಿ ನಾಜಲಿಗೆ ಕಟ್ಟುವುದು, ಬಿಚ್ಚಿ ತೊಳೆಯುವುದು, ಮತ್ತೆ ಕಟ್ಟುವುದು. ಕೂಲಿಯವರು ಅರ್ಧಕ್ಕೇ ಕೈಬಿಟ್ಟು ಹೋದರು. ಆದರೂ ಚಿಗುರು ಬಂತು.

ಹಾರೆಗುದ್ದಲಿ: ಬಟ್ಟೆಯಲ್ಲಿ ಸೋಸಿದ್ದರೆ ಯಾಕೆ ಕಟ್ಟುತ್ತಿತ್ತು? ನಾನು ಬಳಸುವುದು ಚಿಲೇಟೆಡ್ ಜಿಂಕ್ ಮಾತ್ರ, ಅಂದರೆ ಬೇರೇನೂ ಹಿಡಿದುಕೊಳ್ಳದ ಹಾಗೆ ಸಾವಯವ ಅಣುವಿನೊಳಗೆ ಕಟ್ಟಿಟ್ಟ ಜಿಂಕ್. ಸುಣ್ಣವೂ ಬೇಡ, ಈ ಗೋಳೂ ಬೇಡ.

ಕರಿಮಣ್ಣು: ಸೋಸಿದ್ದೆ ಸ್ವಾಮಿ! ನಿಮ್ಮ ಚಿಲೇಟಿನಲ್ಲಿ ಜಿಂಕ್ ಇರುವುದು 12%, ಸಲ್ಫೇಟಿನಲ್ಲಿ 21%. ದುಡ್ಡು ಜಾಸ್ತಿ, ಮಾಲು ಕಡಿಮೆ.

ಹಾರೆಗುದ್ದಲಿ: ಚೀಲದ ಮೇಲಿನ ಶೇಕಡಾ ಗಿಡ ಓದುತ್ತದಾ? ಒಳಗೆ ಹೋದದ್ದೆಷ್ಟು ನೋಡಿ.

ತೆನೆಯಮ್ಮ: ನಮ್ಮದು ಮರಳು ಮಣ್ಣು. ಹೂವೋ ಹೂವು, ಕಾಯಿ ಮಾತ್ರ ಇಲ್ಲ. ಎರಡು ಕಾಳಿರಬೇಕಾದ ಕಾಯಲ್ಲಿ ಒಂದು, ಅದೂ ಜೊಳ್ಳು. ಪರೀಕ್ಷೆ ಮಾಡಿಸಿದರೆ ಬೋರಾನ್ ಕೊರತೆ. ಎಕರೆಗೆ 4 ಕಿಲೋ ಬೋರಾಕ್ಸ್ ಹಾಕಿದ ಮೇಲೆ ಕಾಯಿ ನಿಂತಿತು. ಅದು ಕಂಡು ಮರುವರ್ಷ ನಮ್ಮ ಮನೆಯವರು ಬೊಗಸೆ ಲೆಕ್ಕದಲ್ಲಿ ಎರಚಿದರು. ಹಳೇ ಎಲೆಯ ಅಂಚಿನಿಂದ ಸುಡುತ್ತಾ ಬಂತು. ಬೋರಾನ್ ಕಡಿಮೆಯಾಗುವುದಕ್ಕೂ ವಿಷವಾಗುವುದಕ್ಕೂ ನಡುವೆ ಜಾಗವೇ ಇಲ್ಲ. ಇವತ್ತಿಗೂ ಅವರ ಪ್ರಕಾರ ಅದು ಬಿಸಿಲಿಗೆ ಸುಟ್ಟಿದ್ದು.

ಬೇರುಗಂಟು: ಎಲ್ಲರೂ ಎಲೆಗೆ ಹೊಡೆದದ್ದೇ ಹೊಡೆದದ್ದು. ಒಂದು ಗಿಡ ಕಿತ್ತು ಬೇರಿನ ಗಂಟು ಸೀಳಿ ನೋಡಿದಿರಾ? ಒಳಗೆ ನಸುಗೆಂಪಿದ್ದರೆ ಸಾರಜನಕ ಹಿಡಿಯುತ್ತಿದೆ ಅಂತ. ನಮ್ಮಲ್ಲಿ ಬೆಳ್ಳಗಿತ್ತು. ಸಾರಜನಕ ಹಿಡಿಯಲು ಮಾಲಿಬ್ಡಿನಮ್ ಬೇಕು, ಹುಳಿ ಮಣ್ಣಲ್ಲಿ ಅದು ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಸುಣ್ಣ ಹಾಕಿಸಿ, ಕಿಲೋ ಬೀಜಕ್ಕೆ 1 ಗ್ರಾಂ ಅಮೋನಿಯಂ ಮಾಲಿಬ್ಡೇಟ್ ಹಚ್ಚಿದೆ. ಗಂಟು ಕೆಂಪಾಯಿತು. ಸುಮ್ನೆ ಸಾರಜನಕ ಸುರಿದು ಹಸಿರು ಮಾಡುವುದು ದೊಡ್ಡ ವಿದ್ಯೆ ಅಲ್ಲ.

ಕರಿಮಣ್ಣು: ಸಾರಜನಕದ ಮಾತು ಯಾರೆತ್ತಿದರು?

ಬೇರುಗಂಟು: ನಿಮ್ಮ ಡಿಎಪಿಯಲ್ಲಿ 18% ಇರುವುದು ಇನ್ನೇನು?

ಹೊಸ ಸಾಲು: ನಮ್ಮದು ಹುಳಿ ಮಣ್ಣಲ್ಲ, ಮೊದಲೇ ಬರೆದಿದ್ದೆನಲ್ಲ.

ತೆನೆಯಮ್ಮ: ಸುಣ್ಣದ ಮಣ್ಣು, ಎಳೆ ಎಲೆ ಹಳದಿ, ನರ ಹಸಿರು ಅಂದರೆ ಮೊದಲು ಕಬ್ಬಿಣ ಅನುಮಾನಿಸಿ. ನೀರು ನಿಂತಿದೆಯಾ ಅದನ್ನೂ ನೋಡಿ. 0.5% ಫೆರಸ್ ಸಲ್ಫೇಟಿಗೆ ಚೂರು ಸಿಟ್ರಿಕ್ ಆಮ್ಲ ಸೇರಿಸಿ ಸಂಜೆ ಹೊಡೆಯಿರಿ. ಮೊದಲು ಒಂದೆರಡು ಸಾಲಿಗೆ ಮಾತ್ರ.

ಹಾರೆಗುದ್ದಲಿ: ಕಬ್ಬಿಣಕ್ಕೂ ಚಿಲೇಟೇ ಒಳ್ಳೆಯದು.

ಕರಿಮಣ್ಣು: ಶುರುವಾಯಿತು ನೋಡಿ!